ನೋಟಿನ ಮೇಲಿನ ರುಜು

ಅಂಗಡಿಯಲ್ಲಿ ಐನೂರು ರೂಪಾಯಿನ ನೋಟೊಂದನ್ನು ಕೊಟ್ಟು ನೋಡಿ. ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ಕಾಗದದೊಳಗಿನ ಗಾಂಧೀಜಿಯವರ ನೆರಳುಚಿತ್ರವನ್ನು ನೋಡುತ್ತಾರೆ, ಬೆಳ್ಳಿಯ ಎಳೆಯನ್ನು ಉಗುರಿನಿಂದ ತಡವುತ್ತಾರೆ, ಮೂಲೆ ಹರಿದಿದ್ದರೆ ಮುಖ ಸಿಂಡರಿಸುತ್ತಾರೆ. ಆದರೆ ಅದರ ಮೇಲೆ ರುಜು ಹಾಕಿದವರು ಯಾರೆಂದು ಓದಿ ನೋಡಿದ ಅಂಗಡಿಯವರನ್ನು ನಾನಂತೂ ಈವರೆಗೆ ಕಂಡಿಲ್ಲ. ಇದೊಂದು ವಿಚಿತ್ರವೇ ಸರಿ. ಸಾಲಪತ್ರವನ್ನು ಕೈಗೆ ಕೊಟ್ಟರೆ ನಾವು ಮೊದಲು ನೋಡುವುದು ಕೆಳಗಿನ ರುಜುವನ್ನು. ನೋಟೂ ಒಂದು ಬಗೆಯ ಸಾಲಪತ್ರವೇ ತಾನೆ? "ಇದನ್ನು ತಂದವರಿಗೆ ಇಷ್ಟು ರೂಪಾಯಿ ಕೊಡುವೆನೆಂದು ನಾನು ವಚನ ಕೊಡುತ್ತೇನೆ" ಎಂಬ ಅರ್ಥದ ಮಾತು ಅದರ ಮೇಲೆ ಅಚ್ಚಾಗಿದೆ. ಸರ್ಕಾರದ ಕಾಗದಪತ್ರಗಳಲ್ಲಿ "ನಾನು" ಎಂಬ ಪದ ಕಾಣಸಿಗುವುದೇ ಅಪರೂಪ. ಇಲ್ಲಿ ಅದು ಇದೆ. ಆ "ನಾನು" ಯಾರು ಎಂಬುದಕ್ಕೆ ಉತ್ತರ ಕೆಳಗಿನ ರುಜುವಿನಲ್ಲಿದೆ.

ರಿಸರ್ವ್ ಬ್ಯಾಂಕಿನ ನೋಟುಗಳ ಮೇಲೆ ಈ ವಚನ ಕೊಡುವವರು ಆ ಬ್ಯಾಂಕಿನ ಗವರ್ನರರು. ಒಂದು ರೂಪಾಯಿಯ ನೋಟಿನ ಕಥೆ ಮಾತ್ರ ಬೇರೆ. ಅದರ ಮೇಲೆ ವಚನವೂ ಇಲ್ಲ, ಗವರ್ನರರ ರುಜುವೂ ಇಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ರುಜು ಹಾಕುವುದು ಹಣಕಾಸು ಮಂತ್ರಾಲಯದ ಕಾರ್ಯದರ್ಶಿ. ಕಾನೂನಿನ ಕಣ್ಣಿಗೆ ಅದು ಕಾಗದದ ನಾಣ್ಯ. ಬೆಳ್ಳಿಯ ರೂಪಾಯಿ "ನಿಮಗೆ ಒಂದು ರೂಪಾಯಿ ಕೊಡುತ್ತೇನೆ" ಎಂದು ಹೇಳಬೇಕಾಗಿರಲಿಲ್ಲವಷ್ಟೆ, ಅದೇ ಒಂದು ರೂಪಾಯಿ. ಹಾಗೆಯೇ ಇದು.

ರುಜುವಿಲ್ಲದ ನೋಟು ಏನಾಗುತ್ತದೆ ಎಂಬುದನ್ನು ತೋರಿಸುವ ಒಂದು ಪ್ರಸಂಗ ನಡೆದಿದೆ. 1922ನೆಯ ಇಸವಿ ಮೇ 20ರಂದು ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ "ಈಜಿಪ್ಟ್" ಎಂಬ ಹಡಗು ಫ್ರಾನ್ಸ್ ದೇಶದ ಕರಾವಳಿಯಾಚೆ, ಮಂಜಿನಲ್ಲಿ ಮತ್ತೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಹಡಗಿನ ಭದ್ರವಾದ ಕೋಣೆಯಲ್ಲಿ ಚಿನ್ನವೂ ಬೆಳ್ಳಿಯೂ ಇದ್ದವು. ಅವುಗಳ ಜೊತೆಗೆ ಹೈದರಾಬಾದಿನ ನಿಜಾಮ ಸರ್ಕಾರಕ್ಕೆಂದು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ ನೋಟುಗಳ ಕಂತೆಗಳೂ ಇದ್ದವು. ಸುಮಾರು ನಾನೂರು ಅಡಿ ಆಳದಲ್ಲಿ ಬಿದ್ದಿದ್ದ ಆ ಹಡಗನ್ನು ಇಟಲಿಯ ಮುಳುಗುಗಾರರು ವರ್ಷಗಟ್ಟಲೆ ಹುಡುಕಿ ಪತ್ತೆಮಾಡಿದರು. 1932ರಲ್ಲಿ ಚಿನ್ನ ಮೇಲಕ್ಕೆ ಬಂತು, ನೋಟುಗಳೂ ಬಂದವು. ಹತ್ತು ವರ್ಷ ಸಮುದ್ರದ ತಳದಲ್ಲಿ ನೆಂದಿದ್ದರೂ ಅವುಗಳ ಅಕ್ಷರಗಳನ್ನು ಓದಬಹುದಾಗಿತ್ತು. ಆದರೆ ಅವು ಹಣವಾಗಿರಲಿಲ್ಲ. ರುಜು ಬೀಳುವ ಮೊದಲೇ ಮುಳುಗಿದ್ದವು. ಅದೇ ಹಡಗಿನ ಚಿನ್ನ ಎಲ್ಲಿ ಸಿಕ್ಕಿದರೂ ಚಿನ್ನವೇ. ನೋಟು ಮಾತ್ರ ಒಬ್ಬ ಅಧಿಕಾರಿಯ ಹೆಸರು ಬೀಳುವ ತನಕ ಬರಿಯ ಚಿತ್ರದ ಕಾಗದ. ಆ ರುಜುವಿಲ್ಲದ ನೋಟುಗಳು ಈಗ ಸಂಗ್ರಹಕಾರರ ಕೈಯಲ್ಲಿ ಒಳ್ಳೆಯ ಬೆಲೆಗೆ ಓಡಾಡುತ್ತಿವೆ. ಹಣವಾಗಲಾರದೆ ಹೋದದ್ದು ಹೀಗೆ ಹಣಕ್ಕಿಂತ ಹೆಚ್ಚಿನದಾಯಿತು.

ಹೈದರಾಬಾದಿನ ನೋಟುಗಳ ಮಾತು ಬಂದದ್ದರಿಂದ ಇನ್ನೆರಡು ಮಾತು ಅಲ್ಲಿಯದನ್ನೇ ಹೇಳುತ್ತೇನೆ. ಕಲಬುರಗಿ, ಬೀದರ, ರಾಯಚೂರುಗಳ ಹಿರಿಯರು "ಹಾಲಿ" ಮತ್ತು "ಕಲದಾರ" ಎಂದು ಎರಡು ಬಗೆಯ ರೂಪಾಯಿಗಳನ್ನು ಎಣಿಸುತ್ತಿದ್ದುದನ್ನು ಕೆಲವರಾದರೂ ಕೇಳಿರಬಹುದು. ಹಾಲಿ ಎಂದರೆ ನಿಜಾಮರ ಸಿಕ್ಕಾ, ಕಲದಾರ ಎಂದರೆ ಇಂಗ್ಲಿಷರ ರೂಪಾಯಿ. ಏಳು ಹಾಲಿಗೆ ಆರು ಕಲದಾರ ಎಂಬುದು ಕಡೆಗೆ ನಿಂತ ಲೆಕ್ಕ. ನಿಜಾಮ ಸರ್ಕಾರ 1918ರಲ್ಲಿ ಕಾಯಿದೆ ಮಾಡಿ ತನ್ನದೇ ನೋಟು ಹೊರಡಿಸಿದಾಗ ಅವುಗಳ ಮೇಲೆ ಉರ್ದುವಿನ ಜೊತೆಗೆ ಮರಾಠಿ, ತೆಲುಗು, ಕನ್ನಡಗಳಲ್ಲಿಯೂ ಬೆಲೆಯನ್ನು ಅಚ್ಚು ಹಾಕಿಸಿತು. ರುಜು ಮಾತ್ರ ಆಯಾ ಕಾಲದ ಹಣಕಾಸು ಮಂತ್ರಿಯದು. ಆ ರುಜುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಒಂದು ಸಂಸ್ಥಾನದ ಉದಯಾಸ್ತವೇ ಕಣ್ಣಿಗೆ ಕಟ್ಟುತ್ತದೆ. ಮೊದಲಿನದು ರೆಜಿನಾಲ್ಡ್ ಗ್ಲಾನ್ಸಿ ಎಂಬ ಇಂಗ್ಲಿಷ್ ಅಧಿಕಾರಿಯದು. ಮುಂದೆ ಹೈದರ್ ನವಾಜ್ ಜಂಗ್, ಎಂದರೆ ಸರ್ ಅಕ್ಬರ್ ಹೈದರಿ. ಆಮೇಲೆ ಗುಲಾಂ ಮಹಮ್ಮದ್. ಇವರು 1951ರಲ್ಲಿ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಜಾಹಿದ್ ಹುಸೇನ್ ಪಾಕಿಸ್ತಾನದ ಸ್ಟೇಟ್ ಬ್ಯಾಂಕಿನ ಮೊದಲ ಗವರ್ನರ್ ಆದರು. ಮೊಯಿನ್ ನವಾಜ್ ಜಂಗ್ 1948ರ ಸೆಪ್ಟೆಂಬರಿನಲ್ಲಿ ನಿಜಾಮರ ದೂರನ್ನು ಹೊತ್ತು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಮುಂದೆ ನಿಂತವರು. ಕೊನೆಕೊನೆಯ ನೋಟುಗಳ ಮೇಲೆ, ಹೆಸರಿನಲ್ಲಿ ನಮ್ಮ ಮೇಲುಕೋಟೆಯನ್ನು ಹೊತ್ತ ಡಾಕ್ಟರ್ ಜಿ. ಎಸ್. ಮೇಲ್ಕೋಟೆಯವರ ರುಜು ಕಾಣುತ್ತದೆ. ಅವರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟಗಾರರು. ನೋಟಿನ ಬಣ್ಣ ಬದಲಾದದ್ದು ಕಡಮೆ, ರಾಜ್ಯವೇ ಬದಲಾಗಿತ್ತು. ಆ ಬದಲಾವಣೆಯನ್ನು ಹೇಳುವುದು ಮೂಲೆಯ ಒಂದು ಗೀಟು.

ಇನ್ನು ಇಂಗ್ಲಿಷರ ಭಾರತಕ್ಕೆ ಬರೋಣ. ಕೋಲ್ಕತ್ತ, ಮುಂಬಯಿ, ಮದರಾಸುಗಳ ಪ್ರೆಸಿಡೆನ್ಸಿ ಬ್ಯಾಂಕುಗಳು ಮೊದಲು ತಮ್ಮ ತಮ್ಮ ನೋಟುಗಳನ್ನು ಹೊರಡಿಸುತ್ತಿದ್ದವು. 1861ರ ಕಾಯಿದೆ ಆ ಹಕ್ಕನ್ನು ಭಾರತ ಸರ್ಕಾರವೊಂದಕ್ಕೇ ಮೀಸಲು ಮಾಡಿತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರಗಾಲ ಬಂದಾಗ, 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಮೊದಲ ಬಾರಿಗೆ ಹೊರಬಿತ್ತು. ಇಪ್ಪತ್ತೈದು ನೋಟುಗಳನ್ನು ಚೆಕ್ ಪುಸ್ತಕದಂತೆ ಹೊಲಿದು ಕೊಡುತ್ತಿದ್ದರಂತೆ. ಅದರ ಹಿಂದೆಯೇ ಎರಡು ರೂಪಾಯಿ ಎಂಟಾಣೆಯ ನೋಟೂ ಬಂತು. ಜನಕ್ಕೆ ಅದು ರುಚಿಸಲಿಲ್ಲ, 1926ರಲ್ಲಿ ನಿಂತುಹೋಯಿತು. ಇವೆರಡರ ಮೇಲೂ ಇರುವ ಗಬ್ಬೆ ಎಂಬ ಅಧಿಕಾರಿಯ ರುಜುವನ್ನು ಇಂದು ಸಂಗ್ರಹಕಾರರು ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ತಮ್ಮ ಹೆಸರಿಗೆ ಹೀಗೊಂದು ಬೆಲೆ ಬಂದೀತೆಂದು ಆ ಪುಣ್ಯಾತ್ಮರು ಎಣಿಸಿದ್ದರೋ ಇಲ್ಲವೋ!

1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕು ಸ್ಥಾಪನೆಯಾಯಿತು. ಮೊದಲ ಗವರ್ನರ್ ಸರ್ ಆಸ್ಬರ್ನ್ ಸ್ಮಿತ್. ಆದರೆ ಅವರ ರುಜು ಇರುವ ನೋಟು ಒಂದೂ ಇಲ್ಲ. ಬಡ್ಡಿಯ ದರ, ರೂಪಾಯಿಯ ವಿನಿಮಯದ ದರ ಮೊದಲಾದ ವಿಷಯಗಳಲ್ಲಿ ಅವರಿಗೂ ಸರ್ಕಾರಕ್ಕೂ ಹೊಂದಲಿಲ್ಲ; ಅವಧಿ ಮುಗಿಯುವ ಮೊದಲೇ 1937ರಲ್ಲಿ ಬಿಟ್ಟುಹೋದರು. ಅಷ್ಟು ಹೊತ್ತಿಗೆ ಬ್ಯಾಂಕಿನ ಸ್ವಂತ ನೋಟುಗಳು ಹೊರಬಿದ್ದಿರಲಿಲ್ಲ. 1938ರ ಜನವರಿಯಲ್ಲಿ ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ ಐದು ರೂಪಾಯಿನ ನೋಟು ಬಂದಾಗ ಅದರ ಮೇಲೆ ಇದ್ದದ್ದು ಎರಡನೆಯ ಗವರ್ನರ್ ಸರ್ ಜೇಮ್ಸ್ ಟೇಲರರ ರುಜು. ಅವರು 1943ರ ಫೆಬ್ರವರಿಯಲ್ಲಿ, ಅಧಿಕಾರದಲ್ಲಿ ಇರುವಾಗಲೇ ತೀರಿಕೊಂಡರು. ಆ ವರ್ಷದ ಆಗಸ್ಟಿನಲ್ಲಿ ಸಿ. ಡಿ. ದೇಶಮುಖರು ಆ ಸ್ಥಾನಕ್ಕೆ ಬಂದರು. ರಿಸರ್ವ್ ಬ್ಯಾಂಕಿನ ಗವರ್ನರರಾಗಿ ನೋಟಿಗೆ ರುಜು ಹಾಕಿದ ಮೊದಲ ಭಾರತೀಯರು ಅವರೇ. ನೋಟಿನ ಒಂದು ಕಡೆ ಇಂಗ್ಲೆಂಡಿನ ದೊರೆ, ಕೆಳಗೆ ಮಹಾರಾಷ್ಟ್ರದ ದೇಶಮುಖರು. ದೇಶ ಸ್ವತಂತ್ರವಾಗುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು.

ದೇಶ ಇಬ್ಭಾಗವಾದಾಗ ಒಂದು ಸೋಜಿಗ ನಡೆಯಿತು. ಪಾಕಿಸ್ತಾನಕ್ಕೆ ಆಗ ತನ್ನದೇ ಅಚ್ಚುಕೂಟವಿರಲಿಲ್ಲ, ಬ್ಯಾಂಕೂ ಇರಲಿಲ್ಲ. 1948ರ ಏಪ್ರಿಲಿನಿಂದ ನಾಸಿಕದಲ್ಲಿ ಅಚ್ಚಾದ ಭಾರತದ ನೋಟುಗಳ ಮೇಲೆಯೇ "ಪಾಕಿಸ್ತಾನ ಸರ್ಕಾರ" ಎಂದು ಇಂಗ್ಲಿಷಿನಲ್ಲಿಯೂ ಉರ್ದುವಿನಲ್ಲಿಯೂ ಮೊಹರು ಒತ್ತಿ ಅಲ್ಲಿ ಚಲಾವಣೆಗೆ ಬಿಟ್ಟರು. ಕೆಳಗಿನ ರುಜು ಭಾರತದ ರಿಸರ್ವ್ ಬ್ಯಾಂಕಿನ ಗವರ್ನರರದೇ. ಒಂದು ಮನೆಯ ಅಣ್ಣತಮ್ಮಂದಿರು ಪಾಲಾದ ಮೇಲೂ ಸ್ವಲ್ಪ ಕಾಲ ಒಂದೇ ಅಡಿಗೆಮನೆಯನ್ನು ಬಳಸಿದ ಹಾಗೆ.

ನನಗೆ ಈ ರುಜುಗಳ ಗೀಳು ಹತ್ತಿದ್ದು ಒಂದು ಹಳೆಯ ಎರಡು ರೂಪಾಯಿ ನೋಟಿನಿಂದ. ನಮ್ಮ ತಂದೆಯವರು ಅದನ್ನು ಪಂಚಾಂಗದ ನಡುವೆ ಮಡಿಸದೆ ಇಟ್ಟಿದ್ದರು. ಏಕೆಂದು ಕೇಳಿದರೆ, "ಅದರ ಮೇಲೆ ನಮ್ಮ ಮಂಗಳೂರಿನವರ ರುಜು ಇದೆಯಪ್ಪ" ಎಂದಿದ್ದರು. ಅದು ಬೆನೆಗಲ್ ರಾಮರಾಯರ ರುಜು. ಸಂವಿಧಾನದ ಕರಡಿಗೆ ಸಲಹೆಗಾರರಾಗಿದ್ದ ಸರ್ ಬೆನೆಗಲ್ ನರಸಿಂಗರಾಯರು, ಪತ್ರಿಕೋದ್ಯೋಗಿ ಬಿ. ಶಿವರಾಯರು ಅವರ ಒಡಹುಟ್ಟಿದವರು. 1949ರ ಜುಲೈ 1ರಂದು ಗವರ್ನರರಾದ ರಾಮರಾಯರು ಏಳೂವರೆ ವರ್ಷ ಆ ಪೀಠದಲ್ಲಿದ್ದರು; ಅಷ್ಟು ದೀರ್ಘಕಾಲ ಇದ್ದವರು ಮತ್ತೊಬ್ಬರಿಲ್ಲ. ದೊರೆಯ ಮುಖ ಹೋಗಿ ಅಶೋಕ ಸ್ತಂಭದ ಸಿಂಹಗಳು ಬ್ಯಾಂಕಿನ ನೋಟುಗಳ ಮೇಲೆ ನೆಲೆನಿಂತದ್ದು ಅವರ ಕಾಲದಲ್ಲಿ. "ರುಪಯಾ" ಎಂಬ ಹಿಂದೀ ಪದದ ಬಹುವಚನ ಹೇಗಾಗಬೇಕೆಂಬ ಚರ್ಚೆ ನಡೆದು, 1953ರ ಹೊಸ ನೋಟುಗಳಲ್ಲಿ "ರುಪಯೇ" ಎಂದು ತೀರ್ಮಾನವಾದದ್ದೂ ಆಗಲೇ. 1954ರಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ಮತ್ತೆ ಬಂದವು. ಅವುಗಳ ಮೇಲೂ ರಾಮರಾಯರು ವಚನ ಕೊಟ್ಟರು.

ಆದರೆ ಅವರು ಅಧಿಕಾರ ಬಿಟ್ಟ ಬಗೆ ಸುಖದ್ದಲ್ಲ. 1956ರಲ್ಲಿ ಟಿ. ಟಿ. ಕೃಷ್ಣಮಾಚಾರಿಯವರು ಹಣಕಾಸು ಮಂತ್ರಿಗಳಾದರು. ವರ್ಷದ ಕೊನೆಗೆ ಅವರು ಹುಂಡಿಗಳ ಮೇಲಿನ ಸ್ಟಾಂಪು ಸುಂಕವನ್ನು ಏರಿಸಿದರು. ಕೇಳುವುದಕ್ಕೆ ಇದು ಸಣ್ಣ ಸಂಗತಿ. ಆದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುತ್ತಿದ್ದುದು ಆ ಹುಂಡಿಗಳ ಆಧಾರದ ಮೇಲೆ. ಸುಂಕ ಏರಿದರೆ ಸಾಲದ ಬೆಲೆಯೂ ಏರಿತು. ಬಡ್ಡಿಯ ದರವನ್ನು ಗೊತ್ತುಮಾಡುವುದು ಬ್ಯಾಂಕಿನ ಕೆಲಸ, ಅದನ್ನು ಹಿಂಬಾಗಿಲಿನಿಂದ ಮಂತ್ರಿಗಳೇ ಮಾಡಿದಂತಾಯಿತು ಎಂಬುದು ರಾಮರಾಯರ ತಕರಾರು. ಮಂತ್ರಿಗಳು ರಿಸರ್ವ್ ಬ್ಯಾಂಕನ್ನು ತಮ್ಮ ಮಂತ್ರಾಲಯದ ಒಂದು ಶಾಖೆಯೆಂಬಂತೆ ಕಂಡರು, ಮಾತೂ ಒರಟಾಯಿತು. ರಾಮರಾಯರು ಪ್ರಧಾನಿ ನೆಹರೂ ಅವರಿಗೆ ಬರೆದರು. ನೆಹರೂ ಮಂತ್ರಿಗಳ ಪಕ್ಷವನ್ನೇ ಹಿಡಿದರು. 1957ರ ಜನವರಿ 14ರಂದು ರಾಮರಾಯರು ಪೀಠದಿಂದ ಇಳಿದರು.

ಇಲ್ಲಿ ನನ್ನ ಅಭಿಪ್ರಾಯವೊಂದನ್ನು ಹೇಳಿಬಿಡುತ್ತೇನೆ. ಚುನಾಯಿತ ಸರ್ಕಾರದ ಮಾತೇ ಕಡೆಯ ಮಾತು ಎಂಬ ನೆಹರೂ ಅವರ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ನೋಟಿನ ಮೇಲೆಯೇ "ಕೇಂದ್ರ ಸರ್ಕಾರದ ಖಾತರಿ" ಎಂದು ಅಚ್ಚಾಗಿದೆಯಲ್ಲ. ಆದರೂ "ನಾನು ವಚನ ಕೊಡುತ್ತೇನೆ" ಎಂದು ಒಬ್ಬರಿಂದ ಬರೆಸಿಕೊಂಡು, ಆ ವಚನದ ಬೆಲೆಯನ್ನು ಏರಿಳಿಸುವ ಕೆಲಸವನ್ನು ಅವರನ್ನು ಕೇಳದೆ ಮಾಡುವುದು ಸರಿಯಲ್ಲ. ರಾಮರಾಯರು ಹೊರಟುಹೋದದ್ದು ತಮ್ಮ ರುಜುವಿನ ಮಾನಕ್ಕಾಗಿ ಎಂದೇ ನಾನು ತಿಳಿದಿದ್ದೇನೆ. ಮೊದಲ ಗವರ್ನರ್ ಸ್ಮಿತ್ ಸಾಹೇಬರೂ ಇಂಥದೇ ಕಾರಣಕ್ಕೆ ಹೋದರೆಂಬುದನ್ನು ನೆನೆದರೆ, ಜಗಳ ಪರಕೀಯರ ಸರ್ಕಾರಕ್ಕೆ ಮಾತ್ರ ಸೇರಿದ್ದಲ್ಲವೆಂದು ತೋರುತ್ತದೆ.

ಮುಂದೆ ನಡೆದದ್ದೂ ಕುತೂಹಲದ್ದೇ. ರಾಮರಾಯರ ಸ್ಥಾನದಲ್ಲಿ ಕೆ. ಜಿ. ಅಂಬೇಗಾಂವಕರರು ಒಂದೂವರೆ ತಿಂಗಳು ಗವರ್ನರರಾಗಿದ್ದರು. ಗವರ್ನರರಾಗಿ ಅವರು ಒಂದು ನೋಟಿಗೂ ರುಜು ಹಾಕಲಿಲ್ಲ. ಆದರೆ ಹಿಂದೆ ಹಣಕಾಸು ಕಾರ್ಯದರ್ಶಿಯಾಗಿದ್ದಾಗ ಒಂದು ರೂಪಾಯಿ ನೋಟುಗಳಿಗೆ ಹಾಕಿದ್ದರು. ಸಂಗ್ರಹಕಾರರು ಅದರಿಂದಲೇ ತೃಪ್ತಿಪಡಬೇಕು. 1957ರ ಮಾರ್ಚ್ 1ರಂದು ಬಂದವರು ಎಚ್. ವಿ. ಆರ್. ಅಯ್ಯಂಗಾರ್ಯರು. ಆ "ಎಚ್" ಎಂಬುದು ಹರವು. ಪಾಂಡವಪುರದ ಕಡೆಯ ಊರಿನ ಹೆಸರು. ಹೀಗೆ ಕರಾವಳಿಯ ಬೆನೆಗಲ್ಲಿನಿಂದ ಕಾವೇರಿಯ ಸೀಮೆಯ ಹರವಿಗೆ ನೋಟಿನ ರುಜು ಹಾಯ್ದು ಬಂತು. 1962ರ ತನಕ ನಮ್ಮವರ ಮನೆಗಳಲ್ಲಿ ಸಂಬಳದ ದಿನ ಎಣಿಸಿದ ನೋಟುಗಳ ಮೇಲೆಲ್ಲ ಹೆಚ್ಚಾಗಿ ಈ ಇಬ್ಬರ ಹೆಸರೇ.

ಅದೇ 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬಂತು. ಆ ಕಾಲದ ಒಂದು ರೂಪಾಯಿ ನೋಟಿನ ಮೇಲೆ ರುಜು ಹಾಕಿದ ಕಾರ್ಯದರ್ಶಿ ಎಚ್. ಎಂ. ಪಟೇಲರು. ಆ ವರ್ಷದ ಕೊನೆಗೇ ಜೀವವಿಮಾ ನಿಗಮದ ಹಣವನ್ನು ಮುಂದ್ರಾ ಎಂಬ ವ್ಯಾಪಾರಿಯ ಕಂಪೆನಿಗಳಲ್ಲಿ ತೊಡಗಿಸಿದ ಹಗರಣ ಬಯಲಾಯಿತು. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ರಾಮರಾಯರು ಹೋಗಿ ಹದಿಮೂರು ತಿಂಗಳಾಗಿತ್ತಷ್ಟೆ. ಪಟೇಲರೂ ಸರ್ಕಾರಿ ಸೇವೆಯನ್ನು ಬಿಡಬೇಕಾಯಿತು. ಆದರೆ ಇಪ್ಪತ್ತು ವರ್ಷ ಕಳೆಯುವುದರೊಳಗೆ, 1977ರಲ್ಲಿ, ಅವರೇ ಹಣಕಾಸು ಮಂತ್ರಿಗಳಾಗಿ ಹಿಂತಿರುಗಿದರು. 1978ರ ಜನವರಿ 16ರಂದು ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ರದ್ದಾದವಲ್ಲ, ಆಗ ಮಂತ್ರಿಗಳಾಗಿದ್ದವರು ಇವರು. ರಾಮರಾಯರು 1954ರಲ್ಲಿ ಕೊಟ್ಟ ದೊಡ್ಡ ವಚನಗಳು ಅಂದಿಗೆ ಮುಗಿದವು.

ಒಂದೇ ಹೆಸರು ಎರಡು ಕಡೆ ಬರುವುದೂ ಉಂಟು. ಮನಮೋಹನ ಸಿಂಗರು ಮೊದಲು ಕಾರ್ಯದರ್ಶಿಯಾಗಿ ಒಂದು ರೂಪಾಯಿ ನೋಟಿಗೂ, 1982ರಿಂದ ಗವರ್ನರರಾಗಿ ಬ್ಯಾಂಕಿನ ನೋಟುಗಳಿಗೂ ರುಜು ಹಾಕಿದರು, ಆಮೇಲೆ ಪ್ರಧಾನಿಯಾದರು. ಶಕ್ತಿಕಾಂತ ದಾಸರದೂ 2017ರ ಒಂದು ರೂಪಾಯಿಯ ಮೇಲೆ ಒಂದು, 2018ರ ಕೊನೆಯಿಂದ ಗವರ್ನರರಾಗಿ ಮತ್ತೊಂದು. ಒಂದು ರೂಪಾಯಿ ನೋಟನ್ನು 1994ರಲ್ಲಿ ನಿಲ್ಲಿಸಿ 2015ರಲ್ಲಿ ಮತ್ತೆ ಹೊರತಂದರು. ಹೀಗಾಗಿ ನಡುವಿನ ಇಪ್ಪತ್ತು ವರ್ಷದ ಕಾರ್ಯದರ್ಶಿಗಳಿಗೆ ಆ ಭಾಗ್ಯ ಸಿಗಲಿಲ್ಲ.

ಸಂಗ್ರಹಕ್ಕೆ ತೊಡಗಬೇಕೆನ್ನುವವರಿಗೆ ಈ ರುಜುವಿನ ದಾರಿಯೇ ಸುಲಭ ಎಂದು ನಾನು ಹೇಳುವೆ. ಹತ್ತು ರೂಪಾಯಿನ ನೋಟೊಂದನ್ನೇ ಹಿಡಿದು, ಗವರ್ನರರಿಗೆ ಒಂದರಂತೆ ಕೂಡಿಡುತ್ತ ಬನ್ನಿ. ಇತ್ತೀಚಿನ ನಾಲ್ಕಾರು ಹೆಸರುಗಳು ಮನೆಯ ಖರ್ಚಿನ ಹಣದಲ್ಲಿಯೇ ಸಿಕ್ಕುತ್ತವೆ. ಈ ವಿಧಾನಕ್ಕೆ ಇನ್ನೊಂದು ಪ್ರಯೋಜನವಿದೆ. ರಿಸರ್ವ್ ಬ್ಯಾಂಕಿನ ನೋಟುಗಳ ಬೆನ್ನಿನ ಮೇಲೆ ಇಸವಿಯನ್ನು ಅಚ್ಚು ಹಾಕತೊಡಗಿದ್ದು 2005ರಿಂದ ಈಚೆಗೆ. ಅದಕ್ಕಿಂತ ಹಿಂದಿನ ನೋಟು ಯಾವ ಕಾಲದ್ದೆಂದು ತಿಳಿಯಬೇಕಾದರೆ ರುಜುವೇ ಆಧಾರ. ಗಾಂಧೀಜಿಯವರ ಚಿತ್ರದ ನೋಟು ಕೈಗೆ ಬಂದು ಅದರ ಮೇಲೆ ಸಿ. ರಂಗರಾಜನ್ ಎಂದಿದ್ದರೆ ಅದು ಆ ಮಾಲೆ ಆರಂಭವಾದ 1996ರ ಆಸುಪಾಸಿನದೆಂದು ಕಣ್ಣುಮುಚ್ಚಿ ಹೇಳಬಹುದು. ಈಗಿನ ನೋಟುಗಳಲ್ಲಿ ಗವರ್ನರರ ರುಜು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುವುದರಿಂದ ಅಕ್ಷರ ಬಿಡಿಸುವ ಕಷ್ಟವೂ ಅರ್ಧ ಕಡಮೆ. ಬೆನ್ನಿನ ಮೇಲೆ ಭಾಷೆಗಳ ಪಟ್ಟಿಯೂ ಇದೆ; ಹದಿನೈದರಲ್ಲಿ ನಾಲ್ಕನೆಯ ಸಾಲು ನಮ್ಮದು. ಇನ್ನೊಂದು ಮಾತು, ಇಂದು ನೋಟು ಅಚ್ಚಾಗುವ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಕಷ್ಟದವೂ ಇವೆ. ಎನ್. ಸಿ. ಸೇನ್ ಗುಪ್ತರು 1975ರ ಮೇ 19ರಿಂದ ಮೂರೇ ತಿಂಗಳು ಗವರ್ನರರು. ಆ ಹುದ್ದೆಯಲ್ಲಿ ಅವರ ರುಜು ಇರುವುದು ಸಾವಿರ ರೂಪಾಯಿನ ನೋಟಿನ ಮೇಲೆ ಮಾತ್ರ. ಆ ನೋಟು 1978ರಲ್ಲಿ ರದ್ದಾಯಿತು. ಇಟ್ಟುಕೊಂಡಿದ್ದವರು ಬ್ಯಾಂಕಿಗೆ ಕೊಟ್ಟರು, ಉಳಿದದ್ದು ಸ್ವಲ್ಪ. ಅದಕ್ಕಾಗಿ ಹಂಬಲಿಸುವ ಸಂಗ್ರಹಕಾರರು ಬಹಳ ಮಂದಿ.

ಕೂಡಿಡುವಾಗ ನೋಟನ್ನು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಅಂಟು ಹಚ್ಚಬೇಡಿ. ಹಿಂದೆ ಬ್ಯಾಂಕುಗಳಲ್ಲಿ ಕಂತೆಗೆ ಪಿನ್ನು ಹೊಡೆಯುತ್ತಿದ್ದರಾದ್ದರಿಂದ ಹಳೆಯ ನೋಟಿನಲ್ಲಿ ಎರಡು ತೂತು ಇದ್ದರೆ ಬೇಸರಪಡಬೇಕಾಗಿಲ್ಲ. ಹಳೆಯ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಳುಹಿಸಿ ಎಂದು ಯಾರಾದರೂ ಬರೆದರೆ ಮಾತ್ರ ದೂರ ಇರಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಇಂಥ ಮೋಸ ನಡೆಯುತ್ತಿದೆಯೆಂದು ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಕಡೆಯದಾಗಿ ಕಾನೂನಿನ ವಿಷಯ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದುದನ್ನು ಯಾರೂ ಮರೆತಿರಲಾರರು. ಕೆಲವರ ಅಕ್ಕಿಡಬ್ಬಿಯಲ್ಲಿ, ದೇವರ ಹುಂಡಿಯಲ್ಲಿ, ಹಳೆಯ ಸೀರೆಯ ಮಡಿಕೆಯಲ್ಲಿ ಅವು ಇನ್ನೂ ಉಳಿದಿರಬಹುದು. 2017ರಲ್ಲಿ ಬಂದ ಕಾಯಿದೆಯು ಆ ನೋಟುಗಳ ಹೊಣೆಯಿಂದ ರಿಸರ್ವ್ ಬ್ಯಾಂಕನ್ನೂ ಸರ್ಕಾರವನ್ನೂ ಬಿಡುಗಡೆ ಮಾಡಿತು. ಅಂಥ ನೋಟುಗಳನ್ನು ಒಬ್ಬರು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಅದರ ಪ್ರಕಾರ ಅಪರಾಧ. ಅಧ್ಯಯನಕ್ಕೋ ಸಂಶೋಧನೆಗೋ ನಾಣ್ಯಸಂಗ್ರಹಕ್ಕೋ ಆದರೆ ಇಪ್ಪತ್ತೈದರ ತನಕ ಇಟ್ಟುಕೊಳ್ಳಬಹುದು. ನನ್ನ ಬಳಿ ಏಳು ಇವೆ, ಬೇರೆ ಬೇರೆ ಗವರ್ನರರವು. ರಾಮರಾಯರ ಎರಡು ರೂಪಾಯಿಯ ಹಿಂದಿನ ಪುಟಗಳಲ್ಲಿ ಅವುಗಳನ್ನು ಸೇರಿಸಿಟ್ಟಿದ್ದೇನೆ.